ಇನ್ನೂ ಹೇಳಬಾರದ ಹೆಸರು

ಮೊದಲೇ ಹೇಳಿಬಿಡುತ್ತೇನೆ, ಕಾಳಿ ನದಿಯ ಕೆಸರಿನಲ್ಲಿ ನನಗೆ ಸಿಕ್ಕ ಒಂದು ಪುಟ್ಟ ಶಂಖದ ಹುಳುವಿಗೆ ನಾವು ಇಟ್ಟ ಹೊಸ ಹೆಸರು ಈ ಬರಹ ಮುಗಿದರೂ ನಿಮಗೆ ಗೊತ್ತಾಗುವುದಿಲ್ಲ. ನಮ್ಮ ಪ್ರಬಂಧ ಇನ್ನೂ ಪರಿಶೀಲಕರ ಕೈಯಲ್ಲಿದೆ. ಅಚ್ಚಾಗುವ ಮುಂಚೆ ಹೆಸರು ಹೊರಗೆ ಬಿದ್ದರೆ ಏನಾಗುತ್ತದೆ ಅಂತ ಮುಂದೆ ಹೇಳುತ್ತೇನೆ. ಸದ್ಯಕ್ಕೆ ಆ ಹುಳುವನ್ನು ಲ್ಯಾಬಿನಲ್ಲಿ ನಾವು ಕರೆಯುವ ಹಾಗೆ ‘ಗುಂಡಿ’ ಎಂದೇ ಕರೆಯೋಣ. ಅಂಗಿ ಗುಂಡಿ. ನೋಡಲಿಕ್ಕೆ ಹಾಗೇ ಇದೆ.

ಕಾರವಾರದಲ್ಲಿ ಸುಂಕೇರಿ ಕಡೆಗೆ ಕಾಳಿ ನದಿ ಅಗಲವಾಗಿ ಹರಡಿಕೊಳ್ಳುತ್ತದೆ. ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳ ಆಚೆ, ಅಮಾಸೆ ಹುಣ್ಣಿಮೆಯ ದೊಡ್ಡ ಸುಕ್ತಿಗೆ ಕೆಸರಿನ ಬಯಲು ಮೇಲೇಳುತ್ತದೆ. ಸುಕ್ತಿ ಅಂದರೆ ಇಳಿತ, ಇಲ್ಲಿನ ಕೊಂಕಣಿ ಮಾತು. 2021ರ ಫೆಬ್ರವರಿಯಲ್ಲಿ ನಾನು ಅಲ್ಲಿ ಮೊಣಕಾಲುದ್ದದ ಕೆಸರಿನಲ್ಲಿ ನಿಂತು ಪಂಪು ಎಳೆಯುತ್ತಿದ್ದೆ. ಪಂಪು ಅಂದರೆ ದೊಡ್ಡದೇನಲ್ಲ, ಪಿವಿಸಿ ಪೈಪಿನೊಳಗೆ ಒಂದು ರಾಡು, ರಾಡಿನ ತುದಿಗೆ ರಬ್ಬರ್ ವಾಷರ್. ಹೋಳಿಯ ಪಿಚಕಾರಿ ಇದ್ದ ಹಾಗೆ. ಅದನ್ನು ಕೆಸರಿನ ಬಿಲದ ಬಾಯಿಗೆ ಇಟ್ಟು ಎಳೆದರೆ ಬಿಲದೊಳಗಿನ ನೀರು, ಕೆಸರು, ಅದರಲ್ಲಿ ಇರುವ ಜೀವ ಎಲ್ಲಾ ಒಟ್ಟಿಗೆ ಬರುತ್ತದೆ. ನನಗೆ ಬೇಕಾಗಿದ್ದು ಬಿಲ ತೋಡುವ ಮೆತ್ತನೆಯ ಶೆಟ್ಲಿ, ಅಂದರೆ ಸಿಗಡಿ. ಶಂಖದ ಹುಳುಗಳ ಬಗ್ಗೆ ನನಗೆ ಆಗ ಬಿ.ಎಸ್ಸಿಯಲ್ಲಿ ಓದಿದಷ್ಟೇ ಗೊತ್ತಿತ್ತು.

ತಿಸರೆ ಅನ್ನುವ ಚಿಪ್ಪುಮೀನು ಆರಿಸಲಿಕ್ಕೆ ಬಂದ ಹೆಂಗಸರು ನನ್ನನ್ನು ನೋಡಿ ನಗುತ್ತಿದ್ದರು. “ಬಾಯೇ, ಅದ್ರಲ್ಲಿ ಏನ್ ಸಿಗ್ತದೆ? ತಿನ್ಲಿಕ್ಕೂ ಬರುದಿಲ್ಲ” ಅಂತ ಒಬ್ಬರು. ನಾನು ಹುಟ್ಟಿದ್ದು ಶಿರಸಿಯ ಕಡೆಯ ಅಡಿಕೆ ತೋಟದ ಮನೆಯಲ್ಲಿ, ಮೀನನ್ನೂ ತಿನ್ನದವಳು ಅಂತ ಗೊತ್ತಾದ ಮೇಲಂತೂ ಅವರಿಗೆ ನಗು ತಡೆಯಲಿಕ್ಕೇ ಆಗಲಿಲ್ಲ. ಆದರೆ ಯಾವ ಬಿಲದಲ್ಲಿ ಜೀವ ಇದೆ, ಯಾವುದು ಖಾಲಿ ಅಂತ ತೋರಿಸಿಕೊಟ್ಟವರೂ ಅವರೇ. ಬಾಯಿಯ ಅಂಚು ಹರಿತವಾಗಿದ್ದು, ಸುತ್ತ ಸಣ್ಣ ಸಣ್ಣ ಉಂಡೆ ಬಿದ್ದಿದ್ದರೆ ಒಳಗೆ ಯಾರೋ ಇದ್ದಾರೆ. ಅಂಚು ಕುಸಿದಿದ್ದರೆ ಮನೆ ಬಿಟ್ಟು ಹೋಗಿದ್ದಾರೆ. ಆ ದಿನ ಅವರು ತೋರಿಸಿದ ಬಿಲಗಳನ್ನೇ ಎಳೆದೆ.

ಜರಡಿಯಲ್ಲಿ ಎರಡು ಶೆಟ್ಲಿ ಬಂದವು. ಅವುಗಳ ಪಕ್ಕ ಒಂದು ಬಿಳಿ ಬಿಲ್ಲೆ. ಸಾಸಿವೆಗಿಂತ ತುಸು ದೊಡ್ಡದು, ಚಪ್ಪಟೆ, ಹೊಳಪು. ಮೀನಿನ ಹುರುಪೆ ಅಂದುಕೊಂಡು ತೊಳೆದು ಚೆಲ್ಲುವವಳಿದ್ದೆ. ಅರ್ಧ ಮಿಲಿಮೀಟರಿನ ಜರಡಿ ಆಗಿದ್ದಕ್ಕೆ ಉಳಿಯಿತು, ದೊಡ್ಡ ಕಣ್ಣಿನದಾಗಿದ್ದರೆ ಅದು ಕಾಳಿಗೆ ವಾಪಸು. ಲ್ಯಾಬಿಗೆ ತಂದು ಸಮುದ್ರದ ನೀರಿನ ಬಟ್ಟಲಿಗೆ ಹಾಕಿ ಚಹಾ ಕುಡಿದು ಬಂದರೆ ಬಿಲ್ಲೆ ಜಾಗ ಬದಲಿಸಿತ್ತು. ಸೂಕ್ಷ್ಮದರ್ಶಕದ ಕೆಳಗೆ ಇಟ್ಟೆ. ಎರಡು ಉದ್ದ ಮೀಸೆ ಹೊರಗೆ. ಬಲಗಡೆ ಮೈಯಂಚಿನಿಂದ ಇನ್ನೊಂದು ಗಿಡ್ಡ ಮೀಸೆ. ಚಿಪ್ಪು ಎಷ್ಟು ತೆಳು ಅಂದರೆ ಒಳಗಿನ ಕರುಳು ಕಾಣುತ್ತಿತ್ತು. ಅದು ಸಾವಕಾಶ ಬಟ್ಟಲಿನ ಅಂಚಿನ ತನಕ ನಡೆಯಿತು, ಮೀಸೆಯಿಂದ ಗಾಜನ್ನು ತಡವಿತು, ತಿರುಗಿತು.

ಹೊಸ ಜೀವಿ ಸಿಕ್ಕಿತು ಅಂತ ಆಗ ಅನ್ನಿಸಲಿಲ್ಲ. ನಿಜವಾಗಿ ಅನ್ನಿಸಿದ್ದು, ‘ಇದು ಯಾರದ್ದೋ ಕೆಲಸ, ನನ್ನದಲ್ಲ’ ಅಂತ. ಗೈಡ್ ಸರ್ ಮಾತ್ರ ಬಿಡಲಿಲ್ಲ. “ಹೆಸರು ಬರೆದು ಡಬ್ಬಿಗೆ ಹಾಕಿ ಮುಗಿಸು” ಅಂದರು. ಆ ಹೆಸರು ಬರೆಯಲಿಕ್ಕೆ ನಾಲ್ಕು ವರ್ಷಕ್ಕಿಂತ ಜಾಸ್ತಿ ಹಿಡಿಯಿತು.

ತೊಂದರೆ ಏನು ಅಂದರೆ, ಎರಡು ಮೂರು ಮಿಲಿಮೀಟರಿನ ಚಪ್ಪಟೆ ಬಿಳಿ ಶಂಖಗಳೆಲ್ಲಾ ಒಂದೇ ಥರ ಕಾಣುತ್ತವೆ. ಸಣ್ಣದಾಗಿ ಬದುಕಬೇಕಾದ ಬೇರೆ ಬೇರೆ ಮನೆತನದ ಹುಳುಗಳು ಬೇರೆ ಬೇರೆಯಾಗಿಯೇ ಈ ಆಕಾರಕ್ಕೆ ಬಂದಿವೆ. ಸ್ಕೀನಿಡೆ ಕುಟುಂಬದ್ದು ಹೀಗೇ, ಟಾರ್ನಿಡೆ ಕುಟುಂಬದ್ದೂ ಹೀಗೇ. ಈ ಎರಡು ಕುಟುಂಬಗಳ ನಡುವೆ ನೆಂಟಸ್ತಿಕೆ ಎಷ್ಟು ದೂರ ಅಂದರೆ, ಬಾವಲಿಗೂ ಗುಬ್ಬಿಗೂ ರೆಕ್ಕೆ ಇದೆ ಅಂತ ಒಂದೇ ಮನೆಯವರು ಅಂದ ಹಾಗೆ ಆದೀತು. ಹತ್ತೊಂಬತ್ತನೇ ಶತಮಾನದವರು ಇಂಥ ಚಪ್ಪಟೆ ಚಿಪ್ಪು ಕಂಡರೆ ಸೈಕ್ಲೋಸ್ಟ್ರೆಮಾ ಅಥವಾ ಅಡಿಯೋರ್ಬಿಸ್ ಅನ್ನುವ ಎರಡು ಬುಟ್ಟಿಗಳಲ್ಲಿ ಯಾವುದಾದರೂ ಒಂದಕ್ಕೆ ಹಾಕಿಬಿಡುತ್ತಿದ್ದರು. ಅವರ ಕೈಯಲ್ಲಿ ಇದ್ದದ್ದು ಬರೀ ಸತ್ತ ಚಿಪ್ಪು, ಬೇರೆ ದಾರಿ ಇರಲಿಲ್ಲ.

ಚಿಪ್ಪು ಸುಳ್ಳು ಹೇಳಿದರೂ ನಾಲಿಗೆ ಹೇಳುವುದಿಲ್ಲ. ಶಂಖದ ಹುಳುವಿನ ಬಾಯಲ್ಲಿ ರಾಡ್ಯುಲಾ ಅನ್ನುವ ಒಂದು ಪಟ್ಟಿ ಇರುತ್ತದೆ. ಹೆರೆಮಣೆಯ ಹಲ್ಲನ್ನು ಸಾಲುಸಾಲಾಗಿ ಒಂದು ರಿಬ್ಬನ್ನಿಗೆ ಅಂಟಿಸಿದರೆ ಹೇಗಿರಬಹುದೋ ಹಾಗೆ. ಕಲ್ಲಿನ ಮೇಲಿನ ಪಾಚಿಯನ್ನು ಅದು ಹೆರೆದು ತಿನ್ನುವುದು ಇದರಿಂದಲೇ. ಸ್ಕೀನಿಡೆಯಲ್ಲಿ ಒಂದೊಂದು ಸಾಲಿನಲ್ಲೂ ಬೀಸಣಿಗೆ ಬಿಚ್ಚಿದ ಹಾಗೆ ತುಂಬಾ ಹಲ್ಲು. ಟಾರ್ನಿಡೆಯಲ್ಲಿ ಸಾಲಿಗೆ ಏಳೇ ಹಲ್ಲು: ನಡುವೆ ಒಂದು, ಅದರ ಎರಡೂ ಬದಿಗೆ ಒಂದೊಂದು, ಹೊರಗೆ ಎರಡೆರಡು. ಎಣಿಸಿದರೆ ಕುಟುಂಬ ಗೊತ್ತಾಯಿತು. ಎಣಿಸುವುದೇ ಕಷ್ಟ.

ಗುಂಡಿಯ ಇಡೀ ಮೈ ಎರಡೂವರೆ ಮಿಲಿಮೀಟರ್ ಸಹ ಇಲ್ಲ. ಅದರ ಬಾಯೊಳಗಿನ ರಿಬ್ಬನ್ ಎಷ್ಟಿರಬೇಕು? ಮೊದಲು ಹುಳುವನ್ನು ಮೆಗ್ನೀಸಿಯಂ ಕ್ಲೋರೈಡ್ ಬೆರೆಸಿದ ನೀರಿನಲ್ಲಿ ಮಂಪರು ಬರಿಸಬೇಕು, ಇಲ್ಲದಿದ್ದರೆ ಚಿಪ್ಪಿನೊಳಗೆ ಮುದುಡಿಕೊಂಡು ಮುಚ್ಚಳ ಹಾಕಿಕೊಳ್ಳುತ್ತದೆ. ಆಮೇಲೆ ತಲೆಯ ಭಾಗವನ್ನು ಬೇರೆ ಮಾಡಿ ಪೊಟ್ಯಾಶಿಯಂ ಹೈಡ್ರಾಕ್ಸೈಡಿನ ಒಂದು ಹನಿಯಲ್ಲಿ ಬಿಡಬೇಕು. ಮಾಂಸ ಕರಗಿಹೋಗಿ ಹಲ್ಲಿನ ಪಟ್ಟಿ ಮಾತ್ರ ಉಳಿಯುತ್ತದೆ. ಬೆಳಿಗ್ಗೆ ನೋಡಿದರೆ ಹನಿಯೊಳಗೆ ಏನೂ ಇಲ್ಲದ ಹಾಗೆ ಕಾಣುತ್ತದೆ. ಬೆಳಕನ್ನು ಓರೆಯಾಗಿ ಬಿಟ್ಟರೆ ಒಂದು ಕೂದಲಿನ ಚೂರು ಮಿನುಗುತ್ತದೆ. ಅದೇ. ಕೀಟಗಳಿಗೆ ಚುಚ್ಚುವ ಸಪೂರ ಪಿನ್ನಿನ ತುದಿಯಿಂದ ಅದನ್ನು ಎತ್ತಿ, ಮೂರು ಸಲ ನೀರಿನಲ್ಲಿ ತೊಳೆದು, ಎಲೆಕ್ಟ್ರಾನ್ ಸೂಕ್ಷ್ಮದರ್ಶಕಕ್ಕೆ ಇಡುವ ಲೋಹದ ತುಂಡಿನ ಮೇಲೆ ಹಲ್ಲು ಮೇಲೆ ಬರುವ ಹಾಗೆ ಬಿಡಿಸಿ ಮಲಗಿಸಬೇಕು.

ಮೊದಲನೆಯದನ್ನು ಮೂರನೇ ಸಲ ತೊಳೆಯುವಾಗ ಕಳೆದುಕೊಂಡೆ. ಎರಡನೆಯದನ್ನು ಲೋಹದ ತುಂಡಿನ ಮೇಲೆ ಚಂದ ಮಲಗಿಸಿದೆ. ನನ್ನ ಜೀವಮಾನದಲ್ಲಿ ಅಷ್ಟು ಚಂದ ನಾನು ಏನನ್ನೂ ಮಾಡಿಲ್ಲ, ರಂಗೋಲಿ ಕೂಡ. ನೀರು ಆರಲಿ ಅಂತ ಎರಡು ನಿಮಿಷ ಕೂತೆ. ಮೇ ತಿಂಗಳು, ಕಾರವಾರದ ಸೆಕೆ, ಬೆವರು ಕಣ್ಣಿಗೆ ಇಳಿಯುತ್ತಿತ್ತು. ಜೂನಿಯರ್ ಹುಡುಗ ಪಾಪ ಬಾಗಿಲಲ್ಲಿ ಬಂದು “ಅಕ್ಕಾ, ಇಷ್ಟು ಸೆಕೆಯಲ್ಲಿ ಹೆಂಗೆ ಕೂತಿದ್ದೀರಿ?” ಅಂದು ಫ್ಯಾನ್ ಹಾಕಿದ. ಅಷ್ಟೇ. ಹಾರಿಹೋಯಿತು. ಕೋಣೆಯ ನೆಲವನ್ನು ಇಬ್ಬರೂ ಟಾರ್ಚ್ ಹಿಡಿದು ಹುಡುಕಿದೆವು. ಅರ್ಧ ಮಿಲಿಮೀಟರಿನ ಪಾರದರ್ಶಕ ಹಲ್ಲಿನ ಸಾಲು ನೆಲದ ಮೇಲೆ ಸಿಗುತ್ತದಾ? ಅವನು ಈಗಲೂ ನನ್ನ ಎದುರಿಗೆ ಬಂದರೆ ಫ್ಯಾನ್ ನೋಡುತ್ತಾನೆ.

ಆ ವರ್ಷ ನನ್ನ ಹತ್ತಿರ ಇದ್ದದ್ದು ನಾಲ್ಕೇ ಗುಂಡಿ. ಎರಡು ಹೋದವು. ಮುಂದಿನ ಚಳಿಗಾಲದ ತನಕ ಕಾಯಬೇಕಾಯಿತು, ಯಾಕೆಂದರೆ ಮಳೆ ಶುರುವಾದರೆ ಕಾಳಿ ಸಿಹಿ ನೀರು ತುಂಬಿಕೊಂಡು ಬರುತ್ತದೆ, ಆ ಬಯಲಿಗೆ ಇಳಿಯಲಿಕ್ಕೂ ಆಗುವುದಿಲ್ಲ. ಮೂರು ಚಳಿಗಾಲ ಸೇರಿ ಸಿಕ್ಕಿದ್ದು ಹನ್ನೊಂದು. ಮೂರನೇ ರಾಡ್ಯುಲಾ ಗೋವಾದ ಒಂದು ಪ್ರಯೋಗಾಲಯದಲ್ಲಿ ಚಿನ್ನದ ಲೇಪ ಹೊದ್ದು ಪರದೆಯ ಮೇಲೆ ಬಂದಾಗ ನಾನು ಬೆರಳು ಮಡಚಿ ಎಣಿಸಿದೆ. ಏಳು. ಮತ್ತೊಂದು ಸಾಲು ಎಣಿಸಿದೆ, ಏಳೇ. ಟಾರ್ನಿಡೆ. ಆದರೆ ನಡುವಿನ ಹಲ್ಲು ಆ ಕುಟುಂಬದಲ್ಲಿ ನಾವು ಚಿತ್ರ ನೋಡಿದ ಯಾವ ಹಲ್ಲಿನ ಹಾಗೂ ಇರಲಿಲ್ಲ. ಪಕ್ಕದಲ್ಲಿ ಕೂತ ಆಪರೇಟರ್ “ಇನ್ನೂ ಎಷ್ಟು ಹೊತ್ತು ಮೇಡಂ?” ಅಂತ ಕೇಳುತ್ತಿದ್ದರು, ನನಗೆ ಉತ್ತರ ಕೊಡಲಿಕ್ಕೂ ತೋಚಲಿಲ್ಲ.

ಡಿಎನ್‌ಎ ಕಥೆ ಚಿಕ್ಕದು. ಸಿಓಐ ಅನ್ನುವ ಜೀನಿನ ಒಂದು ತುಂಡು, ಸುಮಾರು 650 ಅಕ್ಷರದ್ದು, ಪ್ರಾಣಿಗಳ ಗುರುತಿಗೆ ಎಲ್ಲರೂ ಓದುವಂಥದ್ದು. 1994ರಲ್ಲಿ ತಯಾರಾದ ಒಂದು ಜೊತೆ ಪ್ರೈಮರ್, ಅಂದರೆ ಆ ತುಂಡನ್ನು ಹುಡುಕಿ ಹಿಡಿಯುವ ಸಣ್ಣ ಡಿಎನ್‌ಎ ಚೂರುಗಳು, ಅದನ್ನು ಬಹುತೇಕ ಎಲ್ಲಾ ಬೆನ್ನೆಲುಬಿಲ್ಲದ ಪ್ರಾಣಿಗಳಲ್ಲೂ ಹಿಡಿಯುತ್ತದೆ. ಎಲ್ಲದರಲ್ಲೂ ಹಿಡಿಯುವುದೇ ಅದರ ಗುಣ, ಅದೇ ದೋಷ. ನಮ್ಮ ಮೊದಲ ಫಲಿತಾಂಶ ಬಂದಾಗ ಗುಂಡಿ ಒಂದು ಶೆಟ್ಲಿ ಆಗಿತ್ತು! ಬಿಲದ ಯಜಮಾನನ ಮೈಯ ಲೋಳೆ ಇದಕ್ಕೆ ಮೆತ್ತಿಕೊಂಡಿರಬೇಕು. ಎರಡನೇ ಸಲ ಚೆನ್ನಾಗಿ ತೊಳೆದು ಕೊಟ್ಟ ಮೇಲೆ ಶಂಖದ ಹುಳುವಿನದೇ ಬಂತು. ಜೀನುಗಳ ಸಾರ್ವಜನಿಕ ಭಂಡಾರವಾದ ಜೆನ್‌ಬ್ಯಾಂಕಿನಲ್ಲಿ ಹುಡುಕಿದರೆ ಹತ್ತಿರದ ನೆಂಟರು ಅಂತ ತೋರಿಸಿದವರೂ ದೂರದವರೇ.

ಹೊಸ ಪ್ರಭೇದ ಅನ್ನುವುದು ಇಲ್ಲಿಗೆ ಬಹುತೇಕ ಖಾತ್ರಿ. ಆದರೆ ಹೊಸ ಕುಲ? ಇದು ಬೇರೆಯೇ ಪ್ರಶ್ನೆ. ಇಲ್ಲಿ ನಾನು ಸುಮಾರು ಒಂದು ವರ್ಷ ಒದ್ದಾಡಿದೆ.

ಪ್ರಭೇದ ಅನ್ನುವುದು ಕೆಸರಿನಲ್ಲಿ ನಿಜವಾಗಿ ಇದೆ. ಅದು ತನ್ನಂಥದ್ದರ ಜೊತೆ ಕೂಡುತ್ತದೆ, ಮರಿ ಮಾಡುತ್ತದೆ. ಕುಲ ಅನ್ನುವುದು ನಾವು ಎಳೆಯುವ ಬೇಲಿ. ಹತ್ತಿರದ ಪ್ರಭೇದಗಳನ್ನು ಒಂದು ಬೇಲಿಯೊಳಗೆ ಹಾಕುತ್ತೇವೆ. ಡಿಎನ್‌ಎ ಇಷ್ಟು ಶೇಕಡಾ ಬೇರೆ ಆದರೆ ಹೊಸ ಕುಲ ಅನ್ನುವ ಕಟ್ಟುನಿಟ್ಟಿನ ಲೆಕ್ಕ ಇಲ್ಲ. ನಮ್ಮ ಊರಿನ ಮನೆಗಳಲ್ಲಿ ಹಿಸ್ಸೆ ಆಗುವುದನ್ನು ನೋಡಿದವರಿಗೆ ಇದು ಬೇಗ ಅರ್ಥ ಆಗುತ್ತದೆ. ಒಟ್ಟು ಕುಟುಂಬದಲ್ಲೇ ಇರಲಿ ಅನ್ನುವವರು ಇರುತ್ತಾರೆ, ಎರಡು ಒಲೆ ಆದ ಮೇಲೆ ಪಹಣಿಯೂ ಬೇರೆ ಆಗಲಿ ಅನ್ನುವವರು ಇರುತ್ತಾರೆ. ವರ್ಗೀಕರಣದವರಲ್ಲೂ ಈ ಎರಡು ಪಂಗಡ ಇದೆ, ಜಗಳವೂ ಇದೆ. ಟಾರ್ನಿಡೆ ಮತ್ತು ವಿಟ್ರಿನೆಲ್ಲಿಡೆ ಒಂದೇ ಕುಟುಂಬವೋ ಎರಡೋ ಅನ್ನುವುದರಲ್ಲೇ ಒಮ್ಮತ ಇಲ್ಲ. ಒಂದೇ ಒಂದು ಪ್ರಭೇದಕ್ಕೆ ಅಂತ ಹೊಸ ಕುಲ ಕಟ್ಟುವುದೆಂದರೆ ಒಬ್ಬನಿಗೇ ಹೊಸ ಮನೆ, ಹೊಸ ಬಾವಿ, ಹೊಸ ಗೇಟು. ಖರ್ಚಿಗೆ ಕಾರಣ ಕೊಡಬೇಕು.

ಕಾರಣ ಇಲ್ಲದೆ ಬೇಲಿ ಎಳೆದರೂ, ಬೇಲಿ ತೆಗೆದರೂ ಓದುವವರಿಗೆ ತಾಪತ್ರಯ. ನಮ್ಮ ಅಳಿವೆಗಳ ಕೆಸರಿನಲ್ಲಿ ಲಕ್ಷಗಟ್ಟಲೆ ಸಿಗುವ ಕಪ್ಪು ಮೊಳೆಯಂಥ ಶಂಖವನ್ನೇ ತೆಗೆದುಕೊಳ್ಳಿ. ಬಿ.ಎಸ್ಸಿಯಲ್ಲಿ ಅದನ್ನು ಸೆರಿಥಿಡಿಯಾ ಸಿಂಗ್ಯುಲೇಟಾ ಎಂದು ಬರೆದು ಅಂಕ ತೆಗೆದುಕೊಂಡೆ. ಮುಂದೆ ಅದು ಸೆರಿಥಿಡಿಯಾಪ್ಸಿಲ್ಲಾ ಆಯಿತು, ಈಗ ಪಿರೆನೆಲ್ಲಾ. ಹುಳು ಅಲ್ಲೇ ಇದೆ, ಅದೇ ಕೆಸರು. ಕುಲದ ಹೆಸರು ಮಾತ್ರ ಎರಡು ಸಲ ಬದಲಾಯಿತು. ಹಾಗೆ ಕುಲ ಬದಲಾದದ್ದಕ್ಕೆ ಒಂದು ಗುರುತಿದೆ. ಹೆಸರಿನ ಕೊನೆಗೆ ಬರುವ ಲೇಖಕನ ಹೆಸರು ಮತ್ತು ವರ್ಷ ಆವರಣದೊಳಗೆ ಹೋಗುತ್ತದೆ. ಆವರಣ ಕಂಡರೆ ಇದು ಹುಟ್ಟಿದ ಮನೆಯಲ್ಲಿಲ್ಲ, ಎಲ್ಲಿಗೋ ಕೊಟ್ಟಿದ್ದಾರೆ ಅಂತ ತಿಳಿಯಬಹುದು.

ನಾವು ಕೊಟ್ಟ ಕಾರಣ ಮೂರು: ನಡುವಿನ ಹಲ್ಲಿನ ಆಕಾರ, ಮರಿಚಿಪ್ಪಿನ ಮೇಲಿನ ಗೀರುಗಳು, ಮತ್ತು ಹೊಕ್ಕುಳದ ಸುತ್ತ ಒಂದು ಏಣು. ಹೌದು, ಚಿಪ್ಪಿಗೂ ಹೊಕ್ಕುಳ ಇದೆ, ಸುತ್ತುಗಳು ಕೂಡುವ ನಡುವಿನ ಗುಳಿ. ಸುತ್ತು ಸುತ್ತು ಸೇರುವ ಗೆರೆಗೆ ಹೊಲಿಗೆ ಅನ್ನುತ್ತಾರೆ. ಇಂಗ್ಲಿಷಿನಲ್ಲಿ ಬರೆಯುವಾಗ ಈ ಪದಗಳು ಒಣಗಿದ ಪದಗಳು, ನೋಟ್‌ಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡಾಗ ಜೀವ ಬಂದ ಹಾಗಾಗುತ್ತಿತ್ತು. ಆಮೇಲೆ ಗೊತ್ತಾದ ಒಂದು ಸಂಗತಿ ಏನೆಂದರೆ, ಪ್ರಾಣಿಗಳ ವಿಚಾರದಲ್ಲಿ ವಿವರಣೆ ಇಂಥದ್ದೇ ಭಾಷೆಯಲ್ಲಿ ಇರಬೇಕು ಅಂತ ನಿಯಮ ಇಲ್ಲ! ಹೆಸರು ಮಾತ್ರ ಲ್ಯಾಟಿನ್ ಅಕ್ಷರಗಳಲ್ಲಿ ಇರಬೇಕು. ವಿವರಣೆ ಕನ್ನಡದಲ್ಲಿದ್ದರೂ ನಿಯಮ ಒಪ್ಪುತ್ತದೆ, ಜಾಸ್ತಿ ಜನ ಓದುವ ಭಾಷೆಯಲ್ಲಿ ಇದ್ದರೆ ಒಳ್ಳೆಯದು ಅಂತ ಸಲಹೆ ಮಾತ್ರ ಕೊಡುತ್ತದೆ. ಸಸ್ಯದವರಿಗೆ ಈ ಸುಖ ಇಲ್ಲ. ಅವರಿಗೆ 2011ರ ಕೊನೆಯ ತನಕ ಲ್ಯಾಟಿನ್ ಕಡ್ಡಾಯ, ಈಗ ಲ್ಯಾಟಿನ್ ಅಥವಾ ಇಂಗ್ಲಿಷ್.

ಹೊಸದು ಅನ್ನುವುದಕ್ಕೆ ಮುಂಚೆ ಹಳೆಯದನ್ನೆಲ್ಲಾ ಓದಿ ಮುಗಿಸಬೇಕು. ಈ ಭಾಗಕ್ಕೆ ನಾನು ತಯಾರಾಗಿರಲಿಲ್ಲ. ಪ್ರಾಣಿಗಳ ಹೆಸರಿನ ಲೆಕ್ಕ ಶುರುವಾಗುವುದು 1758ರಿಂದ, ಲಿನೇಯಸ್‌ನ ಪುಸ್ತಕದ ಹತ್ತನೇ ಆವೃತ್ತಿಯಿಂದ. ಅಲ್ಲಿಂದ ಈಚೆಗೆ ಯಾರಾದರೂ, ಎಲ್ಲಾದರೂ, ಯಾವುದೋ ಸಣ್ಣ ಪತ್ರಿಕೆಯಲ್ಲಿ ನಮ್ಮ ಗುಂಡಿಗೆ ಹೆಸರಿಟ್ಟಿದ್ದರೆ ಅದೇ ಗಟ್ಟಿ. ಮೊದಲು ಬಂದವನಿಗೆ ಹಕ್ಕು. ಅರಬ್ಬಿ ಸಮುದ್ರದ ಸಣ್ಣ ಶಂಖಗಳ ಮಟ್ಟಿಗೆ ಹೆದರಬೇಕಾದ ಹೆಸರು ಮೆಲ್ವಿಲ್ ಮತ್ತು ಸ್ಟಾಂಡೆನ್. 1890ರ ದಶಕದಲ್ಲಿ ಟೌನ್‌ಸೆಂಡ್ ಅನ್ನುವ ಕ್ಯಾಪ್ಟನ್ ಸಮುದ್ರದ ಕೆಳಗಿನ ಟೆಲಿಗ್ರಾಫ್ ಕೇಬಲ್ ರಿಪೇರಿ ಮಾಡುವ ಹಡಗಿನಲ್ಲಿ ಕೆಲಸ ಮಾಡುತ್ತ, ಕರಾಚಿ, ಮುಂಬಯಿ, ಪರ್ಶಿಯನ್ ಕೊಲ್ಲಿಯ ಕಡೆಗಳಿಂದ ರಾಶಿ ರಾಶಿ ಚಿಪ್ಪು ಎತ್ತಿ ಇಂಗ್ಲೆಂಡಿಗೆ ಕಳಿಸಿದ. ಮೆಲ್ವಿಲ್ ಅವುಗಳಿಗೆ ಸಾಲುಸಾಲಾಗಿ ಹೆಸರಿಟ್ಟ. ಹಳೆಯ ಪುಸ್ತಕಗಳ ಸ್ಕ್ಯಾನ್ ಇಂಟರ್ನೆಟ್ಟಿನಲ್ಲಿ ಪುಕ್ಕಟೆ ಸಿಗುತ್ತವೆ, ಅದಕ್ಕೆ ಪುಣ್ಯ. ಆದರೆ ವಿವರಣೆಯೆಲ್ಲಾ ಲ್ಯಾಟಿನ್ನಿನಲ್ಲಿ.

ಸದಾಶಿವಗಡದ ಕಡೆ ಒಬ್ಬರು ವಯಸ್ಸಾದ ಪಾದ್ರಿ ಇದ್ದಾರೆ ಅಂತ ಯಾರೋ ಹೇಳಿದರು. ಪ್ರಿಂಟ್ ತೆಗೆದುಕೊಂಡು ಹೋದೆ. ಅವರು ಕನ್ನಡಕ ಹಾಕಿಕೊಂಡು ಒಂದು ಪುಟ ಓದಿ ನಕ್ಕರು. “ಇದು ಪೂಜೆಯ ಲ್ಯಾಟಿನ್ ಅಲ್ಲಮ್ಮ, ಸಂತೆಯ ಚೀಟಿ. ಕ್ರಿಯಾಪದವೇ ಇಲ್ಲ ನೋಡು. ಚಿಪ್ಪು ಸಣ್ಣ, ಬಿಳಿ, ಸುತ್ತು ನಾಲ್ಕು, ಬಾಯಿ ದುಂಡು.” ಅದು ಹೌದು. ಹತ್ತು ಪುಟ ಆಗುವಷ್ಟರಲ್ಲಿ ನನಗೇ ಓದಲಿಕ್ಕೆ ಬಂತು. ಆದರೂ ಹೋಗುವುದನ್ನು ಬಿಡಲಿಲ್ಲ. ಅವರ ಮನೆಯ ಚಹಾ ಚೆನ್ನಾಗಿರುತ್ತಿತ್ತು, ಮೆಲ್ವಿಲ್‌ನ ಮೇಲೆ ಅವರು ಮಾಡುವ ಟೀಕೆ ಇನ್ನೂ ಚೆನ್ನಾಗಿರುತ್ತಿತ್ತು. 2024ರ ಆಗಸ್ಟ್ 7ಕ್ಕೆ ನಡುರಾತ್ರಿ ಕಳೆದ ಮೇಲೆ ಕಾಳಿಯ ಹಳೆ ಸೇತುವೆ ಕುಸಿಯಿತಲ್ಲ, ಅದರ ಹಿಂದಿನ ವಾರವೂ ನಾನು ಅವರ ಮನೆಯಿಂದ ಬಸ್ಸಿನಲ್ಲಿ ಅದೇ ನದಿ ದಾಟಿದ್ದೆ.

ಮೆಲ್ವಿಲ್‌ನ ಪಟ್ಟಿಯಲ್ಲಿ ಒಂದು ಹತ್ತಿರ ಬಂತು. ಸಣ್ಣ, ಬಿಳಿ, ಚಪ್ಪಟೆ, ಹೊಕ್ಕುಳ ಅಗಲ. ಚಿತ್ರ ನೋಡಿದರೆ ನಮ್ಮದೇ. ಆ ರಾತ್ರಿ ನಿದ್ದೆ ಬರಲಿಲ್ಲ. ಮೂಲ ಮಾದರಿಯ ಫೋಟೋ ಬೇಕು ಅಂತ ವಿದೇಶದ ಮ್ಯೂಸಿಯಮ್ಮಿಗೆ ಇಮೇಲ್ ಹಾಕಿ ಮೂರು ತಿಂಗಳು ಕಾದೆ. ಬಂದ ಫೋಟೋದಲ್ಲಿ ನೂರಕ್ಕೂ ಹೆಚ್ಚು ವರ್ಷದ ಹಿಂದಿನ ಚಿಪ್ಪು, ಪಕ್ಕದಲ್ಲಿ ಹಳದಿಯಾದ ಚೀಟಿ. ಹೊಕ್ಕುಳದ ಸುತ್ತ ಏಣು ಇರಲಿಲ್ಲ. ಮರಿಚಿಪ್ಪು ನುಣ್ಣಗೆ. ಚಿತ್ರ ಬರೆದವನು ಆ ಭಾಗವನ್ನು ಅಂದಾಜಿನಲ್ಲಿ ಬರೆದಿದ್ದ. ನನ್ನ ಪುಣ್ಯ ಅಂದುಕೊಂಡೆ, ಮರುಕ್ಷಣ ನನ್ನ ಚಿತ್ರಗಳನ್ನೆಲ್ಲಾ ತೆಗೆದು ಮತ್ತೊಮ್ಮೆ ಅಳತೆ ನೋಡಿದೆ.

ಈಗ ಹೆಸರು. ಎಲ್ಲರೂ ಮೊದಲು ಕೇಳುವುದು ಇದನ್ನೇ, ನಿಜವಾಗಿ ಇದು ಕೊನೆಯ ಕೆಲಸ. ನಮ್ಮಲ್ಲಿ ಮಗುವಿಗೆ ಹೆಸರಿಡುವಾಗ ಓಣಿಯಲ್ಲಿ ಇನ್ನೊಬ್ಬ ಶ್ರೀಧರ ಇದ್ದರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಇಲ್ಲಿ ಹಾಗಿಲ್ಲ. ಒಂದು ಕುಲದ ಹೆಸರು ಇಡೀ ಪ್ರಾಣಿಲೋಕದಲ್ಲಿ ಒಂದೇ ಇರಬೇಕು. ಜೇಡ, ನೊಣ, ಕಲ್ಲಾದ ಡೈನೋಸಾರ್, ಯಾರಿಗೂ ಆ ಹೆಸರು ಇರಬಾರದು. ಪ್ಲಾಟಿಪಸ್ ಅಂತ ನಾವೆಲ್ಲಾ ಕರೆಯುವ ಪ್ರಾಣಿಗೆ ಶಾ ಅನ್ನುವವನು 1799ರಲ್ಲಿ ಪ್ಲಾಟಿಪಸ್ ಅಂತಲೇ ಕುಲನಾಮ ಕೊಟ್ಟಿದ್ದ. ಆದರೆ 1793ರಲ್ಲೇ ಅದು ಒಂದು ದುಂಬಿಯ ಪಾಲಾಗಿತ್ತು. ಹಾಗಾಗಿ ಪಾಪದ ಪ್ರಾಣಿಗೆ ಆರ್ನಿಥೋರಿಂಕಸ್ ಅನ್ನುವ ಬಾಯಿ ತುಂಬುವ ಹೆಸರು ಬಂತು. ಸಸ್ಯಗಳ ಲೆಕ್ಕ ಬೇರೆ, ಒಂದು ಗಿಡಕ್ಕೂ ಒಂದು ಹುಳುವಿಗೂ ಒಂದೇ ಹೆಸರಿದ್ದರೆ ಅಡ್ಡಿಯಿಲ್ಲ. ಒಂದೇ ಒಂದು ಅಕ್ಷರ ಬೇರೆ ಇದ್ದರೂ ಸಾಕು ಅನ್ನುವ ಸಡಿಲವೂ ಇದೆ. ನಾನು ಆಸೆಪಟ್ಟು ಆರಿಸಿದ ಮೊದಲ ಹೆಸರು ಆಗಲೇ ಒಂದು ಕೀಟದ್ದಾಗಿತ್ತು. ಎರಡನೆಯದೂ ಹೋಯಿತು. ಒಂದು ಅಕ್ಷರ ಬದಲಿಸಿ ಉಳಿಸಿಕೊಳ್ಳಬಹುದಿತ್ತು, ಆದರೆ ನನಗೆ ಅದು ಪಕ್ಕದ ಮನೆಯ ನಂಬರಿಗೆ ಎ ಸೇರಿಸಿದ ಹಾಗೆ ಅನ್ನಿಸಿತು.

ನಮ್ಮ ಮಾತಿನಿಂದಲೇ ಒಂದು ಪದ ಇರಲಿ ಅನ್ನುವ ಹಟ ನನ್ನದು. ಇದಕ್ಕೆ ಪೂರ್ವಜರಿದ್ದಾರೆ. ದೇವರ ಮನೆಯ ಶಂಖ ಇದೆಯಲ್ಲ, ಅದರ ಕುಲಕ್ಕೆ 1798ರಲ್ಲಿ ರೋಡಿಂಗ್ ಅನ್ನುವವನು ಕ್ಸಾಂಕಸ್ ಅಂತ ಹೆಸರಿಟ್ಟ. ಬಾಯಿಬಿಟ್ಟು ಹೇಳಿ ನೋಡಿ. ನಮ್ಮ ಶಂಖವೇ ಯುರೋಪಿನವರ ಬಾಯಲ್ಲಿ ಚಂಕ್ ಆಗಿ, ಅಲ್ಲಿಂದ ಲ್ಯಾಟಿನ್ ಅಂಗಿ ತೊಟ್ಟಿದೆ. ಆದರೆ 1799ರಲ್ಲಿ ಲಾಮಾರ್ಕ್ ಇಟ್ಟ ಟರ್ಬಿನೆಲ್ಲಾ ಜನರ ಬಾಯಲ್ಲಿ ಹೆಚ್ಚು ಉಳಿಯಿತು. ಕೊನೆಗೆ ಪ್ರಾಣಿನಾಮಗಳ ಅಂತರರಾಷ್ಟ್ರೀಯ ಆಯೋಗವೇ ಹಳೆಯ ಕ್ಸಾಂಕಸ್ಸನ್ನು ಬದಿಗಿಟ್ಟು ಟರ್ಬಿನೆಲ್ಲಾವನ್ನು ಉಳಿಸಿತು. ಮೊದಲು ಬಂದವನಿಗೆ ಹಕ್ಕು ಅನ್ನುವ ನಿಯಮಕ್ಕೆ ಇಂಥ ವಿನಾಯಿತಿಗಳಿವೆ. ನನಗೆ ಈ ತೀರ್ಪಿನ ಮೇಲೆ ಇನ್ನೂ ಸಿಟ್ಟಿದೆ, ಸಿಟ್ಟಿನಿಂದ ಏನೂ ಆಗುವುದಿಲ್ಲ.

ಹೆಸರಿಗೆ ಲಿಂಗವೂ ಬೇಕು. ಕುಲನಾಮ ಗಂಡೋ ಹೆಣ್ಣೋ ನಪುಂಸಕವೋ ಅಂತ ಗೊತ್ತಾದರೆ ಮಾತ್ರ ಅದರ ಮುಂದೆ ಬರುವ ಪ್ರಭೇದದ ವಿಶೇಷಣ ಹೊಂದುತ್ತದೆ. ಕನ್ನಡದಲ್ಲಿ ‘ಒಳ್ಳೆಯವನು, ಒಳ್ಳೆಯವಳು, ಒಳ್ಳೆಯದು’ ಆದ ಹಾಗೆ. ಲ್ಯಾಟಿನ್ ಗ್ರೀಕ್ ಅಲ್ಲದ ಭಾಷೆಯಿಂದ ಪದ ತಂದರೆ ಲಿಂಗ ಯಾವುದು ಅಂತ ಲೇಖಕರೇ ಹೇಳಬಹುದು. ಏನೂ ಹೇಳದೆ ಬಿಟ್ಟರೆ, ಕೊನೆಗೆ ‘ಅ’ ಅಂದರೆ ಎ ಅಕ್ಷರ ಇದ್ದರೆ ಹೆಣ್ಣು ಅಂತ ಎಣಿಸುತ್ತಾರೆ. ಫಾದರ್ ಹತ್ತಿರ ಕೂತು ಮೂರು ಪದ ಇಟ್ಟುಕೊಂಡು ಒಂದು ಮಧ್ಯಾಹ್ನ ಚರ್ಚೆ ಮಾಡಿದೆವು. “ಇಟಲಿಯವನ ನಾಲಿಗೆಗೂ ಬರಬೇಕು, ನಿನ್ನ ಆಯಿಯ ನಾಲಿಗೆಗೂ ಬರಬೇಕು” ಅಂದರು. ಆ ಪರೀಕ್ಷೆಯಲ್ಲಿ ಒಂದು ಪಾಸಾಯಿತು. ಕೆಸರಿಗೆ, ಆ ಹೆಂಗಸರಿಗೆ, ಅವರ ಮಾತಿಗೆ ಸಂಬಂಧ ಪಟ್ಟದ್ದು. ಇಷ್ಟು ಹೇಳಿದ್ದೇ ಜಾಸ್ತಿ ಆಯಿತು.

ಉಳಿದದ್ದು ಕಾಗದದ ಕೆಲಸ. ಕುಲಕ್ಕೆ ಒಂದು ಮಾದರಿ ಪ್ರಭೇದ ಹೆಸರಿಸಬೇಕು, ಪ್ರಭೇದಕ್ಕೆ ಒಂದೇ ಒಂದು ಮಾದರಿ ಚಿಪ್ಪು, ಹೋಲೋಟೈಪ್. ‘ಹೊಸ ಕುಲ’ ಅಂತ ಸ್ಪಷ್ಟವಾಗಿ ಬರೆಯಬೇಕು. ಬರೀ ಆನ್‌ಲೈನ್ ಪತ್ರಿಕೆಯಾದರೆ ಪ್ರಾಣಿನಾಮಗಳ ಆನ್‌ಲೈನ್ ದಾಖಲೆಯಾದ ಜೂಬ್ಯಾಂಕಿನಲ್ಲಿ ನೋಂದಣಿ ಕಡ್ಡಾಯ, 2012ರಿಂದ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಹೊಸ ಜೀವಿ ಸಿಕ್ಕಿದರೆ ಸರಕಾರ ಗುರುತಿಸಿದ ಭಂಡಾರಕ್ಕೆ ತಿಳಿಸಿ ಮಾದರಿ ಒಪ್ಪಿಸಬೇಕು. ನಾವು ಕೋಲ್ಕತ್ತಾದ ಭಾರತೀಯ ಪ್ರಾಣಿ ಸರ್ವೇಕ್ಷಣಾಲಯವನ್ನು ಆರಿಸಿದೆವು.

ಕಳಿಸುವ ಮುಂಚೆ ನನ್ನದೇ ಒಂದು ದಡ್ಡತನ ಬಯಲಾಯಿತು. ಒಣಗಿಸಿದ ಚಿಪ್ಪುಗಳನ್ನು ಮೆಡಿಕಲ್ ಅಂಗಡಿಯ ಖಾಲಿ ಕ್ಯಾಪ್ಸೂಲಿನಲ್ಲಿ ಇಟ್ಟು, ಹತ್ತಿಯ ಮೇಲೆ ಮಲಗಿಸಿ, ಹೊಸ ಪ್ಲೈವುಡ್ ಡ್ರಾಯರಿನಲ್ಲಿ ಇಟ್ಟಿದ್ದೆ. ಮಳೆಗಾಲ ಮುಗಿದು ತೆಗೆದರೆ ಕ್ಯಾಪ್ಸೂಲು ಮೆತ್ತಗಾಗಿ ಒಂದಕ್ಕೊಂದು ಅಂಟಿವೆ. ಎರಡು ಚಿಪ್ಪಿನ ಮೇಲೆ ಬಿಳಿ ಪುಡಿ, ಉಪ್ಪು ಹೂವಾದ ಹಾಗೆ. ಇದಕ್ಕೆ ಬೈನ್ ರೋಗ ಅನ್ನುತ್ತಾರೆ. ಹೆಸರಿಗೆ ರೋಗ, ನಿಜವಾಗಿ ರಸಾಯನ. ಮರದಿಂದ, ಪ್ಲೈವುಡ್ಡಿನ ಅಂಟಿನಿಂದ ಬರುವ ಹುಳಿ ಆವಿ ತೇವದ ಜೊತೆ ಸೇರಿ ಚಿಪ್ಪಿನ ಸುಣ್ಣವನ್ನು ತಿನ್ನುತ್ತದೆ. ಕಾರವಾರದ ತೇವಕ್ಕೆ ಬೇರೆ ಏನು ಬೇಕು? ಹೋಲೋಟೈಪ್ ಗಾಜಿನ ಶೀಶೆಯಲ್ಲಿ ಬೇರೆ ಇತ್ತು, ಬಚಾವಾಯಿತು. ಈಗ ಎಲ್ಲವೂ ಗಾಜಿನಲ್ಲಿ, ಗಾಜು ಕಬ್ಬಿಣದ ಕಪಾಟಿನಲ್ಲಿ. ಹೋಲೋಟೈಪಿನ ಚೀಟಿ ಕೆಂಪು ಬಣ್ಣದ್ದು, ರೂಢಿ ಹಾಗೆ. ಆ ಚೀಟಿಯಲ್ಲಿ ಹೆಸರು ಬರೆಯುವಾಗ ಎರಡು ಸಲ ಕೈ ನಡುಗಿ ಹಾಳಾಯಿತು, ಮೂರನೆಯದು ಕೋಲ್ಕತ್ತಾಕ್ಕೆ ಹೋಗಿದೆ.

ಪರಿಶೀಲಕರಲ್ಲಿ ಒಬ್ಬರು ಒಂದೇ ಮಾತಿನಲ್ಲಿ ಒಪ್ಪಿದರು. ಇನ್ನೊಬ್ಬರು ಒಟ್ಟು ಕುಟುಂಬದ ಪಂಗಡ. ಹಳೆಯ ಕುಲವೊಂದರಲ್ಲೇ ಇದನ್ನು ಯಾಕೆ ಇಡಬಾರದು ಅಂತ ಎರಡು ಪುಟ ಬರೆದಿದ್ದಾರೆ. ಓದಿದ ದಿನ ಸಿಟ್ಟು ಬಂತು. ಒಂದು ವಾರ ಬಿಟ್ಟು ಓದಿದಾಗ ಎರಡು ಪ್ರಶ್ನೆ ನ್ಯಾಯವಾದದ್ದೇ ಅನ್ನಿಸಿತು. ಇನ್ನೊಂದು ಜೀನನ್ನೂ ಓದಿಸಿ ಉತ್ತರ ಕಳಿಸಿದ್ದೇವೆ.

ಅಲ್ಲಿಯ ತನಕ ಹೆಸರು ಹೊರಗೆ ಬರಬಾರದು. ವಿವರಣೆ ಇಲ್ಲದೆ ಬರೀ ಹೆಸರು ಅಚ್ಚಾದರೆ ಅದಕ್ಕೆ ಲ್ಯಾಟಿನ್ನಿನಲ್ಲಿ ನೋಮೆನ್ ನ್ಯೂಡಂ ಅನ್ನುತ್ತಾರೆ, ಬತ್ತಲೆ ಹೆಸರು. ಅದಕ್ಕೆ ಬೆಲೆ ಇಲ್ಲ, ಗೊಂದಲ ಮಾತ್ರ ಉಳಿಯುತ್ತದೆ. ಇದರ ಉದಾಹರಣೆ ನಮ್ಮ ಮನೆಯ ತೋಟದಲ್ಲೇ ಇದೆ. ಅಡಿಕೆ ಸಸಿ, ವೀಳ್ಯದೆಲೆ, ಪಪ್ಪಾಯಿ ಎಲ್ಲಾ ತಿಂದು ಹಾಕುವ ಆಫ್ರಿಕದ ದೊಡ್ಡ ಬಸವನಹುಳು, ಲಿಸ್ಸಾಕಟಿನಾ ಫುಲಿಕಾ. ಫೆರುಸ್ಸಾಕ್ 1821ರಲ್ಲಿ ಅದರ ಹೆಸರನ್ನು ಬತ್ತಲೆಯಾಗಿ ಬಿಟ್ಟಿದ್ದ. ಬಹಳ ಕಾಲ ಅವನ ಹೆಸರೇ ಪುಸ್ತಕಗಳಲ್ಲಿ ಇತ್ತು. ಈಗ ಅದು ಬೌಡಿಚ್, 1822, ಅದೂ ಆವರಣದೊಳಗೆ.

ಹೋದ ತಿಂಗಳು ದೇವಿಮನೆ ಘಟ್ಟ ಹತ್ತಿ ಮನೆಗೆ ಹೋದಾಗ ಆಯಿ ಅದೇ ಬಸವನಹುಳುವನ್ನು ಬಕೆಟ್ಟಿಗೆ ಆರಿಸಿ ಹಾಕುತ್ತಿದ್ದಳು, ಉಪ್ಪಿನ ನೀರಿಗೆ. “ಎಂತಾ ಕೂಸೆ, ಹುಳ ನೋಡಲೆ ಕಾರವಾರಕ್ಕೆ ಹೋಗವಾ? ಇಲ್ಲೇ ಬೇಕಾದಷ್ಟು ಇದ್ದು” ಅಂದಳು. ಆಮೇಲೆ ಕೇಳಿದಳು, ಅದಕ್ಕೆ ಎಂತ ಹೆಸರಿಟ್ಟೆ ಅಂತ. ಹೇಳಬಾರದು ಅಂದೆ. ಮಗುವಿಗೆ ಹೆಸರಿಡುವಾಗ ಮೊದಲು ಕಿವಿಯಲ್ಲೇ ಅಲ್ವಾ ಹೇಳುವುದು, ನನ್ನ ಕಿವಿಯಲ್ಲಿ ಹೇಳು ಅಂದಳು. ಬಗ್ಗಿ ಹೇಳಿದೆ. ಕೈಯ ಲೋಳೆಯನ್ನು ಸೀರೆಗೆ ಒರೆಸಿಕೊಳ್ಳುತ್ತ ಒಂದೆರಡು ಸಲ ಬಾಯೊಳಗೇ ಹೇಳಿಕೊಂಡಳು.

“ಚೊಲೋ ಇದ್ದು. ಹೆಣ್ಣು, ಅಲ್ದಾ?”